ನಾನು ಮುಖ ತಿರುಗಿಸಿರಲಿಲ್ಲ

ಕೋರ್ಟಿನಲ್ಲಿ ಪ್ರಮಾಣ ಮಾಡಿ ನಾನು ಸುಳ್ಳು ಹೇಳಿದ್ದೇನೆ. ಯಾರೂ ಹೆದರಿಸಿರಲಿಲ್ಲ, ಯಾರೂ ಕೇಳಿಕೊಂಡಿರಲಿಲ್ಲ — ನನ್ನಷ್ಟಕ್ಕೆ ನಾನೇ, ಚೆನ್ನಾಗಿ ಯೋಚಿಸಿ, ಚೆನ್ನಾಗಿಯೇ ಹೇಳಿದೆ. ಆ ಸುಳ್ಳಿನಿಂದ ಕೃಷ್ಣಮೃಗ ಕೊಂದವರು ಬಿಡುಗಡೆಯಾದರು. ಅವರನ್ನು ಹಿಡಿದ ಪ್ರಾಮಾಣಿಕ ಅಧಿಕಾರಿ ನಗೆಪಾಟಲಾದರು.

ಎಪ್ಪತ್ತರ ದಶಕದ ಮಾತು. ನಾಶಿಕದಿಂದ ಔರಂಗಾಬಾದಿಗೆ — ಈಗಿನ ಸಂಭಾಜಿನಗರಕ್ಕೆ — ಹೋಗುವ ರಸ್ತೆಯಲ್ಲಿ, ಯೇವಲಾದ ಹತ್ತಿರ ನಮ್ಮ ಹೋಟೆಲು. ಕೋಟದ ಕಡೆಯವರು ನಾವು. ಈರುಳ್ಳಿಯ ಸೀಮೆಯಲ್ಲಿದ್ದೂ ಸಾಂಬಾರಿಗೆ ಈರುಳ್ಳಿ ಹಾಕಬೇಕೋ ಬೇಡವೋ ಎಂದು ವರ್ಷಗಟ್ಟಲೆ ಜಗಳವಾಡಿದ ಮನೆತನ ನಮ್ಮದು. ಸುತ್ತಲಿನ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿದ್ದವು. ಜೀಪಿನಲ್ಲಿ ಅಟ್ಟಿಸಿಕೊಂಡು ಹೋಗಿ ಅವನ್ನು ಹೊಡೆಯುವುದು ದೊಡ್ಡವರ ಮೋಜು. ಅದನ್ನು ಅಪರಾಧವೆನ್ನುವ ಹೊಸ ಕಾಯದೆ ಆಗಷ್ಟೇ ಬಂದಿತ್ತು.

ಅರಣ್ಯ ಇಲಾಖೆಯ ಪಾಟೀಲರು ವಿಜಾಪುರದವರು. ರಾಜ್ಯಗಳು ಬೇರೆಯಾಗುವ ಮೊದಲು ಮುಂಬಯಿ ಸರಕಾರದ ನೌಕರಿಗೆ ಸೇರಿ ಇಲ್ಲೇ ಉಳಿದುಬಿಟ್ಟವರು. ಕನ್ನಡ ಮಾತಾಡುವ ಆಸೆಗೇ ನಮ್ಮಲ್ಲಿ ಚಹಾಕ್ಕೆ ಬರುತ್ತಿದ್ದರು. ನಾನು ಕೃಷ್ಣಮೃಗ ಅಂದರೆ ಅವರು ಚಿಗರಿ ಅನ್ನುವರು. ನನ್ನ ಕನ್ನಡಕ್ಕೆ ಅವರು, ಅವರ ಕನ್ನಡಕ್ಕೆ ನಾನು ನಗುತ್ತಿದ್ದೆವು.

ಒಂದು ಬೆಳಿಗ್ಗೆ ಊರಿನ ಜಮೀನ್ದಾರ ಆಬಾಸಾಹೇಬರ ಜೀಪು ಚಹಾಕ್ಕೆಂದು ನಮ್ಮ ಬಾಗಿಲಲ್ಲಿ ನಿಂತಿತು. ಬೆನ್ನಿಗೇ ಪಾಟೀಲರೂ ಬಂದರು. ಜಪ್ತಿ ಮಾಡಬೇಕಾದರೆ ಊರಿನ ಇಬ್ಬರು ಪಂಚರು ಎದುರಿಗಿದ್ದು, ಕಂಡದ್ದಕ್ಕೆ ಸಹಿ ಹಾಕಬೇಕು. ಪಾಟೀಲರು ಗಲ್ಲಾಪೆಟ್ಟಿಗೆಯ ಹತ್ತಿರ ಬಂದು, "ಏಳ್ರಿ ಐತಾಳ್ರ. ನಿಮ್ಮಂಥಾವ್ರು ನಿಂತು ನೋಡಿದ್ರ ಕೋರ್ಟು ನಂಬತೈತಿ," ಎಂದರು.

ಎದ್ದು ಹೋದೆ. ಜೀಪಿನ ಹಿಂದಿದ್ದ ಗೋಣಿ ಬಿಚ್ಚಿದರು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೊಂಬು. ಕಣ್ಣಿನ ಸುತ್ತ ಸುಣ್ಣದಲ್ಲಿ ಬರೆದಂಥ ಬಿಳಿ ಉಂಗುರ. ನಾಲಿಗೆಗೆ ಮಣ್ಣು ಮೆತ್ತಿತ್ತು. ಬಗ್ಗಿ, ಹತ್ತಿರದಿಂದ ನೋಡಿದೆ — ಏಕೋ ನೋಡದೆ ಇರಲಾಗಲಿಲ್ಲ. ಸಹಿ ಹಾಕಿದೆ. ಬೇಸಿಗೆಯಾದ್ದರಿಂದ ಅದನ್ನು ಅಂದೇ ಸುಟ್ಟರು. ಉಳಿದದ್ದು ಪಂಚರ ಮಾತೊಂದೇ. ಇನ್ನೊಬ್ಬ ಪಂಚ, ಪಂಕ್ಚರ್ ಅಂಗಡಿಯವ, ವಿಚಾರಣೆಯ ಹೊತ್ತಿಗೆ ಊರನ್ನೇ ಬಿಟ್ಟಿದ್ದ. ಹಾಗಾಗಿ ಕೇಸು ನಿಂತದ್ದು ನನ್ನೊಬ್ಬನ ಮೇಲೆ.

ಇಲ್ಲಿ ಒಂದು ಸಂಗತಿ ಹೇಳಬೇಕು — ನೆಪವಾಗಿ ಅಲ್ಲ. ಕೆಲವು ವರ್ಷಗಳ ಹಿಂದೆ, ಮದ್ರಾಸಿಗಳು ಹೊರಡಿ ಎಂಬ ಮುಂಬಯಿಯ ಕೂಗು ನಮ್ಮ ರಸ್ತೆಗೂ ಬಂದಿತ್ತು. ಕಲ್ಲು ಹಿಡಿದು ಬಂದವರೆದುರು ಹೋಟೆಲಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತವರು ಇದೇ ಆಬಾಸಾಹೇಬರು. "ಅಣ್ಣಾ ಆಪ್ಲಾ ಮಾಣೂಸ್ ಆಹೇ" — ಅಣ್ಣ ನಮ್ಮವನು — ಎಂದರು, ಗುಂಪು ಚದುರಿತು. ಕೇಸು ನಡೆಯುವಾಗ ಅದನ್ನು ಅವರು ಒಮ್ಮೆಯೂ ನೆನಪಿಸಲಿಲ್ಲ. ನೆನಪಿಸಿದ್ದರೆ ನಾನು ಸಿಟ್ಟಿಗೆದ್ದು ನಿಜ ಹೇಳುತ್ತಿದ್ದೆನೋ ಏನೋ —

ಕಟಕಟೆಯಲ್ಲಿ ನಿಂತ ನನ್ನನ್ನು ಅವರ ವಕೀಲ ಕೇಳಿದ: ಗೋಣಿಯೊಳಗಿದ್ದದ್ದನ್ನು ನೀವೇ ಕಣ್ಣಾರೆ ಕಂಡಿರಾ?

"ಸಾಹೇಬ್, ನಾನು ಶುದ್ಧ ಸಸ್ಯಾಹಾರಿ. ಮೊಟ್ಟೆ ಕಂಡರೂ ಸ್ನಾನ ಮಾಡುವ ಜನ ನಾವು. ಗೋಣಿ ಬಿಚ್ಚಿದಾಗ ಮುಖ ತಿರುಗಿಸಿಕೊಂಡೆ. ಪಾಟೀಲರು ತೋರಿಸಿದಲ್ಲಿ ಸಹಿ ಹಾಕಿದೆ," ಎಂದು ನನ್ನ ಮರಾಠಿಯಲ್ಲಿ ಹೇಳಿದೆ.

ಕೋರ್ಟಿನ ತುಂಬ ನಗು. ನ್ಯಾಯಾಧೀಶರೂ ನಕ್ಕರು. ಯಾರಿಗೂ ಸಂಶಯ ಬರಲಿಲ್ಲ — ನಮ್ಮಂಥವನು ಮುಖ ತಿರುಗಿಸದೆ ಇನ್ನೇನು ಮಾಡಿಯಾನು? ಆಬಾಸಾಹೇಬರ ಋಣ ತೀರಿಸಿದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಆ ಗಳಿಗೆಯಲ್ಲಿ ಋಣದ ನೆನಪೇ ಇರಲಿಲ್ಲ. ಜನ ನಕ್ಕದ್ದು ಹಿತವಾಗಿತ್ತು, ಎಷ್ಟು ಜಾಣ ನಾನು ಅನ್ನಿಸಿತ್ತು. ಎಷ್ಟೋ ಮದುವೆ ಮುಂಜಿಗಳಲ್ಲಿ ಎಲೆಯ ಮುಂದೆ ಕೂತು ಇದನ್ನೇ ತಮಾಷೆಯ ಕತೆಯಾಗಿ ಹೇಳಿದ್ದೇನೆ.

ಪಾಟೀಲರು ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು. ಕೂಗಾಡಲಿಲ್ಲ.

"ನೀವು ಮುಖ ತಿರುಗಿಸಲಿಲ್ರಿ, ಐತಾಳ್ರ. ಅವತ್ತ ನಾ ಚಿಗರಿ ನೋಡ್ಲಿಲ್ಲ, ನಿಮ್ಮ ಮುಖಾನ ನೋಡಕೋತ ನಿಂತಿದ್ದೆ. ನಿಮ್ಮ ಕಣ್ಣಾಗ ನೀರು ಬಂದಿತ್ತು."

ಹೌದು, ಬಂದಿತ್ತು. ಆಮೇಲೆ ಅವರು ನಮ್ಮ ಹೋಟೆಲಿಗೆ ಕಾಲಿಡಲಿಲ್ಲ. ಸುಳ್ಳು ಕೇಸು ಹಾಕಿದರೆಂಬ ದೂರು ಬೆನ್ನು ಹತ್ತಿ, ದೂರದ ವಿದರ್ಭಕ್ಕೆ ವರ್ಗವಾಯಿತು. ಆಸುಪಾಸಿನಲ್ಲಿ ಬಂದೂಕಿನ ಸದ್ದು ಮೊದಲಿಗಿಂತ ಹೆಚ್ಚಾಯಿತು.

ಮರುವರ್ಷ ಒಂದು ಮಧ್ಯಾಹ್ನ ಅದೇ ಜೀಪು ಮತ್ತೆ ಬಾಗಿಲಲ್ಲಿ ನಿಂತಿತು. ಹಿಂಬದಿಗೆ ಹೊದಿಸಿದ್ದ ತಾಡಪತ್ರಿಯ ಸಂದಿಯಿಂದ ಒಂದು ಸಣ್ಣ ಗೊರಸು ಹೊರಗೆ ಚಾಚಿತ್ತು. ಅದು ಅದುರುತ್ತಿತ್ತು — ಇನ್ನೂ ಜೀವವಿತ್ತು. ಚಹಾ ತಡವಾಗಿ ಕೊಡು ಎಂದು ಅಡುಗೆಯವನ ಕಿವಿಯಲ್ಲಿ ಹೇಳಿ, ಸೈಕಲ್ ಹತ್ತಿ ಅರಣ್ಯ ಕಚೇರಿಗೆ ಧಾವಿಸಿದೆ. ಪಾಟೀಲರ ಜಾಗಕ್ಕೆ ಬಂದಿದ್ದ ತರುಣ ಅಧಿಕಾರಿಗೆ ಜೀಪಿನ ಸಂಗತಿ ಹೇಳಿ, ಪಂಚನಾಗಿ ನಾನೇ ನಿಲ್ಲುತ್ತೇನೆ ಬನ್ನಿ ಎಂದೆ.

ಆತ ಟೋಪಿ ಕೈಗೆತ್ತಿಕೊಂಡು ನನ್ನ ಹೆಸರು ಕೇಳಿದ. ಹೇಳಿದೆ. ಟೋಪಿಯನ್ನು ಮತ್ತೆ ಮೇಜಿನ ಮೇಲಿಟ್ಟ.

"ಅಣ್ಣಾ, ತುಮ್ಹೀ ನಕೋ" — ನೀವು ಬೇಡ — ಎಂದ, ಮೆತ್ತಗೆ, ಮರ್ಯಾದೆಯಿಂದಲೇ. ಕೋರ್ಟು ನಂಬುವಂಥ ಇಬ್ಬರು ಸಿಗದೆ ಆ ಜೀಪನ್ನು ಮುಟ್ಟಲಾರೆ, ಪಾಟೀಲರಿಗಾದ ಗತಿ ತನಗೆ ಬೇಡ ಎಂದ.

ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಕೇಳುತ್ತ ಹೋದೆ. ಒಬ್ಬರೂ ಏಳಲಿಲ್ಲ. ತಿರುಗಿ ಬರುವಷ್ಟರಲ್ಲಿ ಜೀಪು ಹೊರಟುಹೋಗಿತ್ತು. ಬಾಗಿಲ ಮುಂದಿನ ಕಲ್ಲುಹಾಸಿನ ಮೇಲೆ ರಕ್ತ ಬಿದ್ದಿತ್ತು. ನಾವಿದನ್ನು ಮುಟ್ಟುವುದಿಲ್ಲ ಎಂದು ಕೆಲಸದವರು ದೂರ ನಿಂತರು. ಕೊಡದಲ್ಲಿ ನೀರು ತಂದು ನಾನೇ ತೊಳೆದೆ.