ಅವ್ವನ ಲಿಂಗ ಹೊಳೆಪಾಲಾದ ದಿನ

ತೆಲಂಗಾಣ ಬೇರೆ ರಾಜ್ಯವಾದ ಮರುವರ್ಷದ ಬೇಸಿಗೆ. ಗದ್ವಾಲಿನ ಗಂಡನ ಮನೆಯಿಂದ ಮಖ್ತಲ್‌ನ ತವರಿಗೆ ಬಂದಿದ್ದೆ. ಫ್ಯಾನಿನ ಗಾಳಿಯೂ ಸುಡುತ್ತಿತ್ತು. ಸಮುದ್ರ ನಮ್ಮಲ್ಲಿ ಯಾರು ಕಂಡಿದ್ದಾರೆ? ಜುರಾಲಾ ಅಣೆಕಟ್ಟಿನ ಕೆಳಗಿನ ಕೃಷ್ಣೆಯ ಮರಳೇ ನಮ್ಮ ಬೀಚು. ನಾನೇ ಹಠ ಹಿಡಿದು ಅಪ್ಪ, ಅವ್ವ ಇಬ್ಬರನ್ನೂ ಆಟೋ ಹತ್ತಿಸಿದೆ. ದಂಡೆಯ ತುಂಬ ಮೀನು ಕರಿಯುವ ಅಂಗಡಿಗಳು. ಅಪ್ಪ ಟವೆಲಿನಿಂದ ಮೂಗು ಮುಚ್ಚಿಕೊಂಡೇ ಮರಳಿಗೆ ಇಳಿದರು.

"ರಜಾ ಕಳಿಯಾಕ ನಿನಗ ಇದ ಜಾಗ ಸಿಕ್ತೇನವಾ?" ಎಂದರು. ನನಗೆ ನಗು ಬಂತು.

ಅವ್ವ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಕೊರಳಿನ ಇಷ್ಟಲಿಂಗಕ್ಕೆ ಪೂಜೆಯಾಗದೆ ಅವಳ ಗಂಟಲಿನಲ್ಲಿ ಹನಿ ನೀರೂ ಇಳಿಯುತ್ತಿರಲಿಲ್ಲ. ಇವತ್ತು ಹೊಳೆಯಲ್ಲೇ ಮಿಂದು ಅಲ್ಲೇ ಪೂಜೆ ಮಾಡುವ ಆಸೆ ಅವಳದು. ಹೋದ ಕೂಡಲೇ ಉಣ್ಣುತ್ತೇನಲ್ಲ ಎಂದು ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಮಾತ್ರ ಮನೆಯಲ್ಲೇ ಚುಚ್ಚಿಕೊಂಡು ಬಂದಿದ್ದಳು.

ಸೊಂಟದ ಮಟ್ಟದ ನೀರಿನಲ್ಲಿ ಮುಳುಗಿ ಎದ್ದವಳು ಎದೆ ತಡವಿಕೊಂಡು ಹಾಗೇ ನಿಂತುಬಿಟ್ಟಳು. ಲಿಂಗ ಕಟ್ಟಿದ ಹಳೆಯ ದಾರ ಹರಿದಿತ್ತು.

"ಲಿಂಗ ಹೋತು" ಎಂದಳು. ಅಷ್ಟೇ.

ನಾನು, ಅಪ್ಪ, ಬಲೆ ಹಾಕಲು ಬಂದಿದ್ದ ಒಬ್ಬ, ಎಲ್ಲರೂ ಹುಡುಕಿದೆವು. ಮುಷ್ಟಿ ತುಂಬ ಮರಳು, ಕಪ್ಪೆಚಿಪ್ಪು, ಬೀಡಿಕಟ್ಟಿನ ಕಾಗದ. ದಂಡೆಗೆ ಬಂದು ನೋಡಿದರೆ ಅವ್ವ ಬೆವರಿನಲ್ಲಿ ತೊಯ್ದಿದ್ದಳು, ಕೈ ಗಡಗಡ ನಡುಗುತ್ತಿದ್ದವು. ಇಂಜೆಕ್ಷನ್ ಚುಚ್ಚಿಕೊಂಡು ಉಣ್ಣದೆ ಇದ್ದುದಕ್ಕೆ ಮೈಯ ಸಕ್ಕರೆ ಇಳಿಯುತ್ತಿತ್ತು. ಅಂಗಡಿಯಿಂದ ಹಣ್ಣಿನ ರಸದ ಬಾಟಲಿ ತಂದು ಬಾಯಿಗೆ ಹಿಡಿದೆ. ಹಲ್ಲು ಕಚ್ಚಿ ಮುಖ ತಿರುಗಿಸಿದಳು.

"ಲಿಂಗ ಇಲ್ಲದ ಮೈ ಹೆಣ ಇದ್ದಂಗ. ಹೆಣಕ್ಕ ಯಾರರ ಕುಡಸ್ತಾರೇನು?"

ಹೊಸ ಲಿಂಗ ಕಟ್ಟಬೇಕಾದ ಮಠದ ಅಯ್ಯನವರಿಗೆ ಅಪ್ಪ ಫೋನು ಹಚ್ಚಿದರು. ಅವರು ರಾಯಚೂರಿನಲ್ಲಿದ್ದರು, ಬರುವುದು ಸಂಜೆಗೇ. ಅಲ್ಲಿಯವರೆಗೆ ಅವ್ವ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೈದೆ, ಕಾಲು ಹಿಡಿದೆ, ಗಲ್ಲ ಒತ್ತಿ ಬಾಯಿ ತೆರೆಯಲು ನೋಡಿದೆ. ಆ ಹೊಳೆಯ ಮೇಲೆ, ದಾರದ ಮೇಲೆ, ಶಿವನ ಮೇಲೂ ನನಗೆ ಸಿಟ್ಟು ಬಂತು. ಅವಳ ಕಣ್ಣು ಮೇಲಕ್ಕೆ ಸರಿಯತೊಡಗಿದವು.

ಆಗ ಅಪ್ಪ ಅಂಗಿಯೊಳಗೆ ಕೈ ಹಾಕಿದರು. ಜ್ವರದಲ್ಲೂ ಪೂಜೆ ತಪ್ಪಿಸದ ಮನುಷ್ಯ. ತಮ್ಮ ಲಿಂಗದ ದಾರ ಬಿಚ್ಚಿ, ಅದನ್ನು ಮುಷ್ಟಿಯಲ್ಲಿ ಹಿಡಿದು, ನೀರಿನೊಳಗೆ ಹೋಗಿ ನಿಂತರು.

"ನೀ ಕುಡೀದಿದ್ರ ಇದನ್ನೂ ಹೊಳಿಗೆ ಒಗೀತೀನಿ. ಇಬ್ರೂ ಹೆಣ ಆಗೂಣು."

"ಬ್ಯಾಡ್ರೀ!" ಅವ್ವ ಚೀರಿದಳು. ಅಪ್ಪ ತೋಳು ಎತ್ತಿದರು.

ಅವ್ವ ನನ್ನ ಕೈಯಿಂದ ಬಾಟಲಿ ಕಸಿದುಕೊಂಡು ಕುಡಿದಳು. ಗಲ್ಲದ ಮೇಲೆಲ್ಲ ಸುರಿಸಿಕೊಂಡು, ಅಳುತ್ತ, ಅಪ್ಪನ ಮುಷ್ಟಿಯ ಮೇಲಿಂದ ಕಣ್ಣು ತೆಗೆಯದೆ ಪೂರಾ ಕುಡಿದಳು.

"ನನ್ನ ನೇಮ ಕೆಡಸಿದ್ರಿ" ಎಂದಳು ಕಡೆಗೆ. "ನಿಮ್ಮದರ ಉಳೀಲಿ. ಕಟ್ಕೋರಿ ಅದನ್ನ."

ಅಪ್ಪ ಕಟ್ಟಿಕೊಳ್ಳಲು ಹೋದರು. ಎಷ್ಟು ಸಲ ಹಾಕಿದರೂ ಗಂಟು ನಿಲ್ಲಲಿಲ್ಲ.