ಕುಟ್ಟುಮಾವನ ಕಿವಿ

ನನ್ನ ಸೋದರಮಾವನನ್ನು ದೋಣಿ ರಿಪೇರಿ ಮಾಡುವ ಅಂಗಳದಲ್ಲಿ ಎಲ್ಲರೂ ಕುಟ್ಟುಮಾವ ಎನ್ನುತ್ತಿದ್ದರು. ಹಳೆಯ ಹಾಯಿದೋಣಿ ಕೊಳ್ಳುವವರು ಮೊದಲು ಅವನನ್ನು ಕರೆಸಿ ತೋರಿಸುತ್ತಿದ್ದರು. ಅವನು ಚೀಲದಿಂದ ಗೇಣುದ್ದದ ಮರದ ಸುತ್ತಿಗೆ ತೆಗೆದು, ದೋಣಿಯ ಮೈಯನ್ನು ಅಂಗುಲ ಅಂಗುಲವಾಗಿ ಕುಟ್ಟುತ್ತ ಹೋಗುತ್ತಿದ್ದ. ಗಟ್ಟಿ ಇದ್ದ ಕಡೆ ಟಕ್ ಎನ್ನುತ್ತದೆ. ನೀರು ಕುಡಿದು ಒಳಗೇ ಕೊಳೆತ ಕಡೆ ಡಬ್ ಎನ್ನುತ್ತದೆ. ಆ ಎರಡರ ನಡುವೆ ಇನ್ನೂ ಇಪ್ಪತ್ತು ಬಗೆಯ ಸದ್ದುಗಳಿವೆ, ಅವು ತನ್ನೊಬ್ಬನಿಗೇ ಗೊತ್ತು ಎಂಬುದು ಅವನ ಜಂಬ.

ಆ ಜಂಬದಿಂದ ಕಷ್ಟಪಟ್ಟವರು ನಾವು. ಅವನು ಕುಟ್ಟುವಾಗ ಸುತ್ತ ಯಾರೂ ತುಟಿ ಪಿಟಕ್ಕೆನ್ನಬಾರದು. ಮನೆಗೆ ಬಂದ ಮೇಲೂ ಅದೇ ಕಥೆ. ಕಿವಿಗೆ ವಿಶ್ರಾಂತಿ ಬೇಕಂತೆ. ರೇಡಿಯೊ ಹಾಕುವಂತಿಲ್ಲ, ಪಾತ್ರೆ ಸದ್ದು ಮಾಡುವಂತಿಲ್ಲ. ಚಿಕ್ಕಂದಿನಲ್ಲಿ ನಾವು ಅವನ ಮನೆಗೆ ಹೋದರೆ, ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿರುತ್ತಿದ್ದ. ಅತ್ತೆ, ಪಾಪ, ಅವನ ಎದುರು ಬಾಯಿಗೆ ಬೀಗ ಹಾಕಿಕೊಂಡಿದ್ದು, ಬೆಳಿಗ್ಗೆ ಅವನು ಹೊರಟ ಕೂಡಲೇ ಎರಡು ಬೀದಿ ದಾಟಿ ನಮ್ಮಮ್ಮನ ಅಡುಗೆಮನೆಗೆ ಬಂದುಬಿಡುತ್ತಿದ್ದಳು. ಆಮೇಲೆ ಎರಡು ಗಂಟೆ ಅಮ್ಮನಿಗೆ ಒಂದು ಮಾತೂ ಆಡಲು ಬಿಡುತ್ತಿರಲಿಲ್ಲ.

ಅತ್ತೆ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಮಾವ ಹಾಯಿ ಹೊಲಿಯುವ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದಾನೆ. ಎರಡು ಕುರ್ಚಿಗಳಿವೆ, ಒಂದರ ಮೇಲೆ ಅವನು ಕೂರುತ್ತಾನೆ, ಇನ್ನೊಂದರ ಮೇಲೆ ಒಗೆದ ಬಟ್ಟೆಯ ರಾಶಿ ಕೂರುತ್ತದೆ. ಕಳೆದ ಒಂದು ವರ್ಷದಿಂದ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ, ಬಾಗಿಲು ಬಡಿದರೂ ತೆರೆಯುತ್ತಿರಲಿಲ್ಲ. ವಯಸ್ಸಾದಂತೆ ಕೊಬ್ಬು ಹೆಚ್ಚಾಯಿತು ಎಂದುಕೊಂಡು ನಾನೂ ಹೋಗುವುದನ್ನು ಕಡಿಮೆ ಮಾಡಿದೆ. ಈಗ ನೆನೆದರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಕಳೆದ ತಿಂಗಳು ಅವನಿಂದ ಒಂದು ಮೆಸೇಜ್ ಬಂತು. ‘ನಾಳೆ ದೋಣಿ ನೋಡಲಿಕ್ಕಿದೆ. ಬರೆದುಕೊಳ್ಳಲು ಜನ ಬೇಕು. ಬಾ.’ ನಲವತ್ತು ವರ್ಷ ಒಬ್ಬನೇ ಬರೆದುಕೊಂಡವನಿಗೆ ಈಗ ಗುಮಾಸ್ತೆ ಬೇಕಾದಳೇ ಎಂದು ಗೊಣಗಿಕೊಂಡೇ ಹೋದೆ. ನನಗೂ ನಲವತ್ತೆಂಟಾಯಿತು, ಏಣಿ ಹತ್ತಿದರೆ ಮಂಡಿ ಹಿಡಿಯುತ್ತದೆ.

ದೋಣಿಯನ್ನು ನೀರಿನಿಂದ ಎತ್ತಿ ಆಸರೆ ಕಂಬಗಳ ನಡುವೆ ನಿಲ್ಲಿಸಿದ್ದರು. ಇಪ್ಪತ್ತೆಂಟು ವರ್ಷ ಹಳೆಯದು, ಮೈಗೆ ಹೊಸ ಬಿಳಿ ಬಣ್ಣ. ಮಾರುವವರು ಹಲ್ಲಿನ ಡಾಕ್ಟರು. ಕೊಳ್ಳುವವಳು ನಿವೃತ್ತಳಾದ ಬಸ್ ಕಂಡಕ್ಟರ್. “ಮೂವತ್ತು ವರ್ಷ ಬೇರೆಯವರಿಗೆ ಮುಂದೆ ಹೋಗಿ, ಮುಂದೆ ಹೋಗಿ ಅಂದಿದ್ದಾಯ್ತು,” ಎಂದಳು ಆಕೆ. “ಇನ್ನು ನಾನೇ ಹೋಗ್ತೀನಿ.” ದೋಣಿ ನಡೆಸುವುದನ್ನು ಕಲಿತಿದ್ದಳು. ಒಬ್ಬಳೇ ಕಡಲಿಗೆ ಇಳಿಯುವವಳಿದ್ದಳು. ಮಾವ ಸರಿ ಎಂದರೆ ಅಂದೇ ಕಾಗದಪತ್ರ ಮುಗಿಸುವುದೆಂದು ಮಾತಾಗಿತ್ತು.

ಮಾವ ಕೆಳಗಿನಿಂದ ಶುರುಮಾಡಿದ. ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಒಳಗೆ ನೆಲದ ಹಲಗೆ ಎತ್ತಿ ಮೂಗು ತೂರಿಸಿ ವಾಸನೆ ನೋಡಿದ. ಹಾಯಿಗಳನ್ನು ಬಿಸಿಲಿಗೆ ಹಿಡಿದು ತೂತು ಹುಡುಕಿದ. ನಾನು ಬರೆದುಕೊಂಡೆ. ಕೊನೆಗೆ ದೋಣಿಯ ಮೇಲೆ ಹತ್ತಿ ಸುತ್ತಿಗೆ ತೆಗೆದು, ಎಂದಿನಂತೆ ಕೈಸನ್ನೆ ಮಾಡಿ ಎಲ್ಲರನ್ನೂ ಕೆಳಗೆ ಇಳಿಸಿದ. ನನ್ನನ್ನು ಮಾತ್ರ ಇರು ಎಂದ. ಹುಟ್ಟಿದಾರಭ್ಯ ಸಿಗದ ಮರ್ಯಾದೆ ಇದು.

ಅವನು ಕುಟ್ಟುತ್ತ ಹೋದ. ಕುಟ್ಟಿದಾಗಲೆಲ್ಲ ನನ್ನ ಮುಖ ನೋಡುತ್ತಿದ್ದ. ಉಸಿರು ಜೋರಾಯಿತೇನೋ ಎಂದು ನಾನು ಅದನ್ನೂ ಹಿಡಿದುಕೊಂಡೆ. ಹಾಯಿಕಂಬವನ್ನು ಎಳೆದು ನಿಲ್ಲಿಸುವ ಉಕ್ಕಿನ ಹಗ್ಗಗಳಿಗೆ ಎರಡೂ ಬದಿಯಲ್ಲಿ ಒಂದೊಂದು ಉಕ್ಕಿನ ಪಟ್ಟಿ ಇರುತ್ತದೆ. ಎಡಗಡೆಯ ಪಟ್ಟಿಯ ಬುಡದಲ್ಲಿ ಸುತ್ತಿಗೆ ಡಬ್ ಎಂದಿತು. ಮಾವ ಮತ್ತೆ ಕುಟ್ಟಿದ. ಮತ್ತೆ ಡಬ್. ನನ್ನ ಮುಖವನ್ನೇ ದಿಟ್ಟಿಸಿದ. ಚಿಕ್ಕಂದಿನಿಂದ ಪಳಗಿದ ಮುಖ ನನ್ನದು, ಕಲ್ಲಿನ ಹಾಗೆ ನಿಂತಿದ್ದೆ. “ಗಟ್ಟಿ ಅಂತ ಬರ್ಕೋ,” ಎಂದ. ಆ ಇಪ್ಪತ್ತು ಬಗೆಯ ಸದ್ದುಗಳಲ್ಲಿ ಇದೂ ಒಂದಿರಬೇಕೆಂದು ಬರೆದುಕೊಂಡೆ. ಅವನು ಸಹಿ ಹಾಕಿ ಹಾಳೆಯನ್ನು ಕಂಡಕ್ಟರಮ್ಮನಿಗೆ ಕೊಟ್ಟ.

ಡಾಕ್ಟರು ಕಾಗದ ತರಲು ಹೋದಾಗ ನಾನೂ ಮಾವನೂ ಗೇಟಿನ ಬಳಿ ಚಹಾ ಕುಡಿಯಲು ಕುಳಿತೆವು. ಸುಮ್ಮನೆ ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ: “ಎಡಗಡೆ ಆ ಪಟ್ಟಿ ಹತ್ರ ದಿಂಬಿಗೆ ಗುದ್ದಿದ ಹಾಗೆ ಕೇಳಿಸ್ತಲ್ಲ ಮಾವ, ಅದೂ ಗಟ್ಟೀನೇನಾ?”

ನನ್ನ ತುಟಿಯನ್ನೇ ನೋಡುತ್ತಿದ್ದ ಅವನ ಮುಖದ ರಕ್ತ ಇಳಿದುಹೋಯಿತು. “ಆಗ್ಲೇ ಯಾಕೆ ಹೇಳ್ಲಿಲ್ಲ?”

“ನೀನು ಕುಟ್ಟುವಾಗ ಮಾತಾಡಬಾರದಲ್ಲ.”

ಅವನು ಲೋಟ ಕೆಳಗಿಟ್ಟ. “ಒಂದು ವರ್ಷದಿಂದ ನನಗೆ ಸರಿಯಾಗಿ ಕೇಳಿಸ್ತಿಲ್ಲ ಕಣೇ. ಕೈಗೆ ಬರೋ ಅದುರಿನ ಮೇಲೆ ಹೇಗೋ ನಡೆಸ್ತಿದ್ದೆ. ಈಗ ಅದ್ರ ಮೇಲೂ ನಂಬಿಕೆ ಇಲ್ಲ. ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ ಅಂತ ಕರ್ಕೊಂಡು ಬಂದೆ.”

“ಬಾಯಿಬಿಟ್ಟು ಕೇಳಬಾರದಿತ್ತಾ?”

“ಊರಿಗೆಲ್ಲ ಗೊತ್ತಾದ್ರೆ? ಈ ಕೆಲ್ಸ ಇರೋದಕ್ಕೆ ಯಾರಾದ್ರೂ ಕರೀತಾರೆ. ಇಲ್ದಿದ್ರೆ ನನ್ನನ್ನ ಯಾರು ಕರೀತಾರೆ, ಹೇಳು.”

ಅತ್ತ ಕಂಡಕ್ಟರಮ್ಮ ಚಪ್ಪಲಿ ಬಿಚ್ಚಿಟ್ಟು ದೋಣಿ ಹತ್ತಿದ್ದಳು. ಉಕ್ಕಿನ ಹಗ್ಗ ಹಿಡಿದುಕೊಂಡು ಕಡಲನ್ನು ನೋಡುತ್ತಿದ್ದಳು. ಮಾವನೂ ಅವಳನ್ನೇ ನೋಡಿದ. ಎದ್ದು ಹೋಗಿ ದೋಣಿ ಹತ್ತಿದ, ಹಿಂದೆ ನಾನೂ.

“ಆ ಹಾಳೆ ಹರಿದುಹಾಕಿ,” ಎಂದ ಅವಳಿಗೆ. “ನನಗೆ ಕಿವಿ ಕೇಳಲ್ಲ. ಮುಚ್ಚಿಟ್ಟಿದ್ದು ತಪ್ಪಾಯ್ತು.” ಅಂಗಳದವರೆಲ್ಲ ಕೆಲಸ ಬಿಟ್ಟು ಇತ್ತ ತಿರುಗಿದರು. ಕಾಗದ ಹಿಡಿದು ಬಂದ ಡಾಕ್ಟರು ಕಿಡಿಕಿಡಿಯಾದರು. “ಕಿವುಡರ ಮಾತು ಕಟ್ಕೊಂಡು ವ್ಯಾಪಾರ ಕೆಡಿಸ್ಕೋಬೇಡಿ.” ಮಾವ ಎಡಗಡೆಯ ಪಟ್ಟಿಯ ಬಳಿ ಮಂಡಿಯೂರಿ ಕುಟ್ಟತೊಡಗಿದ. ನಾನು ಹಾಳು ಅಭ್ಯಾಸದಂತೆ ಸುಮ್ಮನೆ ನಿಂತಿದ್ದೆ.

“ಮಾತಾಡೇ,” ಎಂದ.

“ಟಕ್,” ಎಂದೆ. “ಟಕ್. ಡಬ್. ಡಬ್.” ನನ್ನ ತುಟಿ ನೋಡುತ್ತ, ನಾನು ಹೇಳಿದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದ. ಊಟದ ತಟ್ಟೆಯಷ್ಟು ಅಗಲ ಆಯಿತು. ಪಟ್ಟಿಯ ಒಂದು ತಿರುಪು ಬಿಚ್ಚಿದರೆ, ಅದರ ಜೊತೆ ಒಳಗಿನ ಮರ ಹಿಂಡಿದ ಚಹಾಪುಡಿಯ ಹಾಗೆ ಕಪ್ಪಗೆ, ಒದ್ದೆಯಾಗಿ ಬಂತು. ಗಾಳಿಗೆ ಪಟ್ಟಿ ಕಿತ್ತು ಬಂದಿದ್ದರೆ ಹಾಯಿಕಂಬ ಅವಳ ತಲೆಯ ಮೇಲೆಯೇ ಬೀಳುತ್ತಿತ್ತು. ಡಾಕ್ಟರು ತಂದ ಕಾಗದ ಮಡಚಿ ಜೇಬಿಗಿಟ್ಟರು. ಕೆಳಗಿಳಿದ ಮೇಲೆ ಕಂಡಕ್ಟರಮ್ಮ ಚಪ್ಪಲಿ ಹಾಕಿಕೊಂಡು ಬಂದು ಮಾವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಏನೋ ಹೇಳಿದಳು, ಅದು ಅವನಿಗೆ ಕೇಳಿಸಲಿಲ್ಲ, ಆದರೂ ತಲೆಯಾಡಿಸಿದ.

ಹೊರಡುವ ಮುನ್ನ ಅಂಗಳದ ಮೇಸ್ತ್ರಿಯ ಕೈಗೆ ಒಂದು ಚೀಟಿ ಕೊಟ್ಟ. ಆ ವರ್ಷ ತಾನು ನೋಡಿಕೊಟ್ಟ ಹನ್ನೊಂದು ದೋಣಿಗಳ ಹೆಸರು ಅದರಲ್ಲಿತ್ತು. “ಯಾವುದನ್ನೂ ನೀರಿಗಿಳಿಸೋಕೆ ಬಿಡ್ಬೇಡ. ಕಿವಿ ಇರೋರ ಹತ್ರ ಇನ್ನೊಂದು ಸಲ ಕುಟ್ಸು.” ಸುತ್ತಿಗೆಯನ್ನೂ ಅಲ್ಲೇ ಬಿಟ್ಟ.

ಬಸ್ಸಿನಲ್ಲಿ ಕಿಟಕಿಯ ಆಚೆ ನೋಡುತ್ತ ಕುಳಿತಿದ್ದ. ಕೈ ಮಾತ್ರ ಖಾಲಿ ಚೀಲವನ್ನು ಸವರುತ್ತಿತ್ತು. ಆಮೇಲೆ ಹೇಳಿದ: “ನಿನ್ನ ಅತ್ತೆ ಒಳ್ಳೇ ಹೆಂಗ್ಸು. ಮಾತು ಕಡಿಮೆ.”

ಅವನು ನಿಜವಾಗಿಯೂ ಹಾಗೆ ನಂಬಿದ್ದ. ಸುಮ್ಮನಿದ್ದುಬಿಡೋಣ ಎನ್ನಿಸಿತು. ಬೆಳಿಗ್ಗೆ ಸುಮ್ಮನಿದ್ದು ಆದದ್ದು ನೆನಪಾಯಿತು.

ಅವನ ಕಿವಿಗೆ ಬಾಯಿಟ್ಟು ಹೇಳಿದೆ: “ಅತ್ತೆ ದೊಡ್ಡ ಮಾತುಗಾತಿ, ಮಾವ. ದಿನಾ ನಮ್ಮಮ್ಮನ ಅಡುಗೆಮನೇಲಿ ಎರಡು ಗಂಟೆ.” ಬಸ್ಸಿನವರೆಲ್ಲ ನಮ್ಮ ಕಡೆ ತಿರುಗಿದರು.

ಅವನು ನನ್ನನ್ನು ನೋಡಿದ. “ಎರಡು ಗಂಟೆ?”

“ಹೂಂ.”

“ಏನು ಹೇಳ್ತಿದ್ಲು?”

ಅವನು ಇಳಿಯುವ ನಿಲ್ದಾಣ ಬಂತು. ಹೊಲಿಗೆ ಅಂಗಡಿಯ ಮೇಲಿನ ಕೋಣೆಯ ಮುಚ್ಚಿದ ಕಿಟಕಿ ಕಾಣುತ್ತಿತ್ತು. ನಾನು ಏಳಲು ಹೊರಟೆ. ಅವನು ನನ್ನ ಮಣಿಕಟ್ಟು ಹಿಡಿದು ಕೂರಿಸಿದ.

“ಹೇಳು,” ಎಂದ. “ಜೋರಾಗಿ ಹೇಳು.”