ಸದ್ದು ಮಾಡದ ಜರಡಿ

ಆರ್ಥಿಕ ಹಿಂಜರಿತದ ಎರಡನೆಯ ಚಳಿಗಾಲದಲ್ಲಿ ಇಟಾಸ್ಕಾ ಎಂಬ ಊರಿನ ನಮ್ಮ ಆಫೀಸಿನ ದೀಪಗಳು ನನ್ನನ್ನು ನಂಬುವುದನ್ನು ಬಿಟ್ಟವು. ಮನುಷ್ಯರು ಅಲುಗಾಡಿದರೆ ಮಾತ್ರ ಉರಿಯುವ ದೀಪಗಳವು. ನಲವತ್ತು ಜನ ಅಲುಗಾಡುತ್ತಿದ್ದ ಮಹಡಿಯಲ್ಲಿ ಆರು ಜನ ಉಳಿದಿದ್ದೆವು. ಯೋಚಿಸುತ್ತ ಸುಮ್ಮನೆ ಕೂತರೆ ನಡುಮಧ್ಯಾಹ್ನವೇ ಕತ್ತಲಾಗುತ್ತಿತ್ತು. ಆಗ ಎರಡೂ ಕೈಯೆತ್ತಿ, ಮಂಗಳಾರತಿ ತೆಗೆದುಕೊಳ್ಳುವ ಗಾಂಭೀರ್ಯದಿಂದ ಬೀಸಿ, ಇನ್ನೂ ಇದ್ದೇನೆಂದು ಚಾವಣಿಗೆ ಅರಿಕೆ ಮಾಡಿಕೊಳ್ಳುತ್ತಿದ್ದೆ.

ಡೆಟ್ರಾಯ್ಟ್ ಸುತ್ತಲಿನ ಕಾರ್ಖಾನೆಗಳು ನೌಕರರ ಆರೋಗ್ಯ ವಿಮೆಯ ವಿವರಗಳನ್ನು ವಾರಕ್ಕೊಮ್ಮೆ, ಒಂದೊಂದು ವಿವರಕ್ಕೂ ಟ್ಯಾಗ್ ಎಂಬ ಚೀಟಿ ಅಂಟಿಸಿದ ಎಕ್ಸ್‌ಎಂಎಲ್ ಕಡತಗಳಲ್ಲಿ ನಮಗೆ ಕಳಿಸುತ್ತಿದ್ದವು. ಅವನ್ನು ಓದಿ ವಿಮಾ ಕಂಪನಿಗೆ ದಾಟಿಸುವ ಪ್ರೋಗ್ರಾಮ್ ನನ್ನದು. ಫಂಕ್ಷನಲ್ ಭಾಷೆಯ ಲೈಬ್ರರಿಯೊಂದನ್ನು ಬಳಸಿ ಬರೆದಿದ್ದೆ. ಅದರ ಶಾಸ್ತ್ರ ಸರಳ: ಪ್ರತಿ ಫಂಕ್ಷನ್ನೂ ಒಂದು ಜರಡಿ. ದಾಖಲೆ ಹಾಕಿದರೆ, ಬೇಕಾದದ್ದು ಸಿಕ್ಕಾಗ ಅದರ ಪಟ್ಟಿ ಬರುತ್ತದೆ. ಸಿಗದಿದ್ದರೆ ಖಾಲಿ ಪಟ್ಟಿ. ಎಡವಟ್ಟಾದರೂ ಖಾಲಿ ಪಟ್ಟಿಯೇ. ಕೂಗಾಟವಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ತಪ್ಪಿದ ದಾಖಲೆಗಳನ್ನು ಕಾರಣಸಮೇತ ಬೇರೆ ಬುಟ್ಟಿಗೆ ಹಾಕುವ ಸೌಕರ್ಯವೂ ಅದರಲ್ಲಿತ್ತು. ಅದು ಪುಕ್ಕಲರಿಗೆಂದು ನಾನು ಮುಟ್ಟಿರಲಿಲ್ಲ. ಪ್ರತಿ ಸೋಮವಾರ ನನ್ನ ವರದಿಯಲ್ಲಿ 'ದೋಷ: ಸೊನ್ನೆ'.

ಹೊರಹೋಗುವ ಹೆಸರುಗಳು ವಾರವಾರ ಕಡಿಮೆಯಾಗುತ್ತಿದ್ದವು. ದಿನಾ ಜನರನ್ನು ಕೆಲಸದಿಂದ ತೆಗೆಯುತ್ತಿದ್ದ ಡೆಟ್ರಾಯ್ಟ್‌ನಲ್ಲಿ ಹೆಸರುಗಳು ಕಡಿಮೆಯಾದರೆ ಯಾಕೆಂದು ಯಾರು ಕೇಳುತ್ತಾರೆ?

ಫೆಬ್ರವರಿಯ ಒಂದು ಬೆಳಿಗ್ಗೆ ಗೆಳೆಯರೊಬ್ಬರ ಫೋನ್ ಬಂತು. ಮಂಡ್ಯ ಕಡೆಯವರು. ಹಿಂದೆ ನನ್ನ ಪಕ್ಕದ ಕ್ಯೂಬಿಕಲ್‌ನಲ್ಲಿದ್ದು, ಆಗ ಡೆಟ್ರಾಯ್ಟ್ ಹತ್ತಿರ ಕಾರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಹೆಂಡತಿಗೆ ಎಂಟು ತಿಂಗಳು.

"ಸಾರ್, ಯಾರ್ಗೂ ಹೇಳ್ಬೇಡಿ. ಆಸ್ಪತ್ರೇಲಿ ಇನ್ಶೂರೆನ್ಸ್ ಕಾರ್ಡ್ ಕೊಟ್ರೆ, ಇಂಥೋರು ಯಾರೂ ಇಲ್ಲ ಅಂತಾರೆ."

"ರಿಜೆಕ್ಟ್ ಆಯ್ತಾ?"

"ರಿಜೆಕ್ಟ್ ಆಗಿದ್ರೆ ಪರವಾಗಿರ್ಲಿಲ್ಲ, ಇದ್ದೆ ಅಂತನಾದ್ರೂ ಆಗೋದು. ಇವ್ರು ಹುಡುಕ್ತಾರೆ, ಸಿಗಲ್ಲ ಅಂತಾರೆ, ಅಷ್ಟೆ."

"ನಿಮ್ಮ ಎಚ್‌ಆರ್‌ನ ಕೇಳಿದ್ರಾ?"

"ತಮಾಷೆ ಮಾಡ್ತೀರಾ? ಮೂರು ವಾರದಿಂದ ಬಾಯಿ ಬಿಟ್ಟಿಲ್ಲ. ಈ ಟೈಮಲ್ಲಿ ಕೇಳಕ್ಕೆ ಹೋದ್ರೆ ನನ್ನ ಹೆಸ್ರು ಜ್ಞಾಪಕ ಬರಲ್ವಾ ಅವರಿಗೆ? ಬಹುಶಃ ಕೆಲ್ಸದಿಂದ ತೆಗ್ದಿದಾರೆ, ಹೇಳಕ್ಕೆ ಮರ್ತಿದಾರೆ. ಬ್ಯಾಡ್ಜ್ ತೋರಿಸಿದ್ರೆ ಬಾಗ್ಲು ಇನ್ನೂ ತೆಗಿಯತ್ತೆ ಸಾರ್. ಹೆರಿಗೆ ಆಗೋವರ್ಗೂ ತೆಗೆದ್ರೆ ಸಾಕು."

ಅವರ ಕಾರ್ಖಾನೆಯ ಕಡತ ನನ್ನ ಕೈಮೇಲೆಯೇ ಹಾಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಫೋನಿಟ್ಟು ಆ ವಾರದ ಕಡತ ತೆರೆದೆ. ಅವರಿದ್ದರು: ಹುಟ್ಟಿದ ದಿನ, ವಿಳಾಸ, ಹೆಂಡತಿ, ಎಲ್ಲ. ಹೊರಹೋದ ಪಟ್ಟಿಯಲ್ಲಿ ಇರಲಿಲ್ಲ. ಪ್ರೋಗ್ರಾಮ್ ತನ್ನ ಕೆಲಸ ಬರೆದಿಡುವ ಲಾಗ್‌ನಲ್ಲಿ ಚಕಾರವಿಲ್ಲ. ಅವರೊಬ್ಬರ ದಾಖಲೆಯನ್ನೇ ತೆಗೆದು ಜರಡಿಗಳಿಗೆ ಒಂದೊಂದಾಗಿ ಹಾಕಿದೆ. ಮೊದಲನೆಯದನ್ನು ದಾಟಿದರು. ಎರಡನೆಯದನ್ನೂ ದಾಟಿದರು. ಮೂರನೆಯದಕ್ಕೆ ಪರದೆಯ ಮೇಲೆ ಬಂದದ್ದು ಎರಡು ಕಂಸ, ನಡುವೆ ಏನೂ ಇಲ್ಲ: ಖಾಲಿ ಪಟ್ಟಿ. ಆ ಹೊತ್ತಿಗೆ ತಲೆಯ ಮೇಲಿನ ದೀಪ ಆರಿತು. ನಾನು ಕೈಯೆತ್ತಲಿಲ್ಲ.

ಮೂರನೆಯದು ಸರ್‌ನೇಮ್ ಹುಡುಕುವ ಜರಡಿ. ಹುಬ್ಬಳ್ಳಿ ಕಡೆಯವರಿಗೆ ಮನೆತನದ ಹೆಸರಿರುತ್ತದೆ, ಎಲ್ಲಿ ಹೋದರೂ ಪಾರಾಗುತ್ತಾರೆ. ಮೈಸೂರು, ಮಂಡ್ಯದವರಿಗೆ ಇನಿಷಿಯಲ್ಲೇ ಗತಿ. ಗೆಳೆಯರ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಮೊದಲು ಕಾರ್ಖಾನೆ ಖಾಲಿ ಟ್ಯಾಗನ್ನಾದರೂ ಕಳಿಸುತ್ತಿತ್ತು. ಹೊಸ ವರ್ಷದಿಂದ ಖಾಲಿ ಇದ್ದದ್ದನ್ನು ಕಳಿಸುವುದನ್ನೇ ನಿಲ್ಲಿಸಿತ್ತು. ಟ್ಯಾಗ್ ಇಲ್ಲವೆಂದು ನನ್ನ ಜರಡಿ ಇಡೀ ಮನುಷ್ಯನನ್ನು, ಬಸುರಿ ಹೆಂಡತಿಯ ಸಮೇತ, ಇಲ್ಲವಾಗಿಸಿತ್ತು. ಮೈಸೂರಿನ ನನಗೂ ಸರ್‌ನೇಮ್ ಇರಲಿಲ್ಲ. ವೀಸಾ ಮಾಡಿಸುವಾಗ ಅಪ್ಪನ ಹೆಸರನ್ನು ಅಲ್ಲಿ ತುಂಬಿದ್ದೆ. ತೀರಿಕೊಂಡ ಅಪ್ಪನನ್ನು ಮ್ಯಾನೇಜರ್ ವಾರಕ್ಕೆರಡು ಸಲ ಮೀಟಿಂಗಿಗೆ ಕರೆಯುತ್ತಿದ್ದ, ನಾನು ಹೋಗುತ್ತಿದ್ದೆ. ಆದರೂ ಜರಡಿಯನ್ನು ಹಾಗೆ ಬರೆದಿದ್ದೆ.

ಸಂಜೆಯೊಳಗೆ ಸರಿಪಡಿಸಿದೆ. ಸರ್‌ನೇಮ್ ಇಲ್ಲದವರು ಇದ್ದ ಹೆಸರಿನಲ್ಲೇ ದಾಟಲಿ. ಇನ್ನೇನಾದರೂ ತಪ್ಪಿದರೆ ಬುಟ್ಟಿಗೆ ಬೀಳಲಿ, ಕಾರಣ ಹೇಳಲಿ. ಓಡಿಸಿದಾಗ ಗೆಳೆಯರು ಬಂದರು. ಅವರ ಹಿಂದೆ ಇನ್ನೂ ಒಂಬತ್ತು ಜನ ಬಂದರು.

ಎರಡು ದಿನ ಬಿಟ್ಟು ಗೆಳೆಯರೇ ಕರೆ ಮಾಡಿದರು. "ಇದೀನಂತೆ ಸಾರ್."

ತಪ್ಪು ನನ್ನದೆಂದು ಹೇಳಿದೆ. "ಮೂರು ವಾರ ನನ್ನ ಸಾಯಿಸಿ ಇಟ್ಟಿದ್ದೋರು ನೀವಾ? ನಾನು ಶನಿ ಅನ್ಕೊಂಡು ಎಳ್ಳೆಣ್ಣೆ ದೀಪ ಹಚ್ಚಿದೆ. ನಿಮ್ಮೂರ ಹತ್ರ ಲೆಮಾಂಟ್ ದೇವಸ್ಥಾನಕ್ಕೆ ಬರ್ತೀನಲ್ಲ, ಆವಾಗ ವಿಚಾರಿಸ್ಕೋತೀನಿ ನಿಮ್ಮನ್ನ."

ಉಳಿದ ಒಂಬತ್ತು ಜನರಲ್ಲಿ ಯಾರೂ ಎಲ್ಲಿಯೂ ದೂರು ಕೊಟ್ಟಿರಲಿಲ್ಲ. ವಿಮಾ ಕಂಪನಿಯಲ್ಲಿ ವಿಚಾರಿಸಿದೆ; ಒಂದು ಕರೆಯೂ ಬಂದಿಲ್ಲವಂತೆ. ಒಂಬತ್ತು ಮನೆಗಳಲ್ಲಿ ಒಂಬತ್ತು ಜನ, ಕೇಳಿದರೆ ಹೆಸರು ಜ್ಞಾಪಕ ಬಂದೀತೆಂದು ಉಸಿರು ಬಿಗಿಹಿಡಿದು ಕೂತಿದ್ದರು.

ಅಂದಿನಿಂದ ಒಳಬರುವ ಕಡತವನ್ನು ಕಣ್ಣಿಂದಲೇ ಓದುವ ಅಭ್ಯಾಸ ಮಾಡಿಕೊಂಡೆ. ಮಾರ್ಚ್‌ನ ಒಂದು ಸೋಮವಾರ ಗೆಳೆಯರ ಕೆಳಗೆ ಹೊಸದೊಂದು ದಾಖಲೆ: ಹೆಣ್ಣು ಮಗು, ಐದು ದಿನ. ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು, ಭದ್ರವಾಗಿ. ಅದೇ ಕಡತದಲ್ಲಿ ಆ ಒಂಬತ್ತರಲ್ಲಿ ನಾಲ್ವರು ಇರಲಿಲ್ಲ. ನಂಬಲಾರದೆ ಜರಡಿಗಳನ್ನು ಮತ್ತೆ ಒಂದೊಂದಾಗಿ ನೋಡಿದೆ. ಬುಟ್ಟಿ ನೋಡಿದೆ. ಕಾರ್ಖಾನೆಯೇ ಅವರನ್ನು ಕಳಿಸಿರಲಿಲ್ಲ.

'ದೋಷ: ಸೊನ್ನೆ' ಎಂದು ವರದಿ ಬರೆದೆ. ಈ ಸಲ ಅದು ನಿಜವಾಗಿತ್ತು.